ಹಂಪಿಯ ಹೊಳೆದಾರಿಯನ್ನು ನಡೆಯುವವರಿಗೆ ಬಿಟ್ಟುಕೊಡಿ: ಒಂದು ಬಹಿರಂಗ ಪತ್ರ

ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಮಾನ್ಯ ಆಯುಕ್ತರಿಗೆ, ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಹಾಗೇ ಚಳಿಗಾಲ ಬಂತೆಂದರೆ ಬಸ್ಸು ತುಂಬ ಮಕ್ಕಳನ್ನು ಹಂಪಿಗೆ ಕರೆತರುವ ನಮ್ಮ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ,

ನಮಸ್ಕಾರ.

ನಾನು ಕೇಳುವುದು ಒಂದೇ ವಿಷಯ. ವಿರೂಪಾಕ್ಷ ಬಜಾರಿನ ತುದಿಯಲ್ಲಿ ದೊಡ್ಡ ಬಸವಣ್ಣ ಕೂತಿದ್ದಾನಲ್ಲ, ಅಲ್ಲಿಂದ ವಿಜಯವಿಠ್ಠಲ ದೇವಸ್ಥಾನದವರೆಗೆ ತುಂಗಭದ್ರೆಯ ದಂಡೆ ಹಿಡಿದು ಒಂದು ಕಾಲುದಾರಿ ಹೋಗುತ್ತದೆ. ಕಂಪಭೂಪನ ದಾರಿ ಅಂತ ಅದಕ್ಕೆ ಹೆಸರು. ಹಂಪಿ ನೋಡಲು ಬರುವವರಿಗೆ ಅದನ್ನು ಮೊದಲ ದಾರಿ ಮಾಡಿ. ಅದರ ಮೇಲೆ ಸಿಮೆಂಟು ಸುರಿಯಬೇಡಿ, ಗಾಡಿ ಬಿಡಬೇಡಿ, ಬಣ್ಣದ ದೀಪದ ಕಂಬ ನೆಡಬೇಡಿ. ಆದರೆ ಇಂಥದ್ದೊಂದು ದಾರಿ ಇದೆ ಅಂತ ಜನಕ್ಕೆ ಹೇಳಿ. ಧೈರ್ಯವಾಗಿ ನಡೆಯುವ ಹಾಗೆ ಮಾಡಿ.

ಈಗ ಏನಾಗುತ್ತಿದೆ ಅಂತ ನಿಮಗೇ ಗೊತ್ತು. ಬಸ್ಸು ಬರುತ್ತದೆ. ವಿರೂಪಾಕ್ಷನ ದರ್ಶನ, ಆನೆಗೆ ಒಂದು ಬಾಳೆಹಣ್ಣು. ಮತ್ತೆ ಬಸ್ಸು ಹತ್ತಿ ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲ ಮಹಲು, ಆನೆ ಲಾಯ. ಆಮೇಲೆ ಕಮಲಾಪುರ ಸುತ್ತಿಕೊಂಡು ವಿಠ್ಠಲ ದೇವಸ್ಥಾನದ ಪಾರ್ಕಿಂಗಿಗೆ ಹೋಗಿ, ಅಲ್ಲಿ ಬ್ಯಾಟರಿ ಗಾಡಿಗೆ ಕ್ಯೂ ನಿಂತು, ಕಲ್ಲಿನ ರಥದ ಮುಂದೆ ಫೋಟೋ. 50 ರೂಪಾಯಿ ನೋಟನ್ನು ಕೈಯಲ್ಲಿ ಹಿಡಿದು ಇನ್ನೊಂದು ಫೋಟೋ. ಸಂಜೆಗೆ ಹೊಸಪೇಟೆ. ಇಡೀ ದಿನ ಹಂಪಿಯಲ್ಲಿ ಕಳೆದರೂ ಹೊಳೆಯನ್ನು ಸರಿಯಾಗಿ ನೋಡದೆ ಹೋದವರು ಎಷ್ಟು ಜನ! ವಿರೂಪಾಕ್ಷನ ಹಿಂದಿನ ಸ್ನಾನಘಟ್ಟದಲ್ಲಿ ಕಾಲು ತೊಳೆದುಕೊಂಡದ್ದೇ ಅವರ ಪಾಲಿನ ತುಂಗಭದ್ರೆ.

ರಸ್ತೆಯಲ್ಲಿ ಇಷ್ಟು ಸುತ್ತುವ ಎರಡು ದೇವಸ್ಥಾನಗಳ ನಡುವೆ ನಡೆದು ಹೋದರೆ ಸುಮಾರು 2 ಕಿಲೋಮೀಟರ್ ಅಷ್ಟೇ. ಆರಾಮವಾಗಿ ನಿಂತು ನಿಂತು ನೋಡಿಕೊಂಡು ಹೋದರೂ ಅರ್ಧ ದಿನ ಬೇಕಿಲ್ಲ. ಹೆಚ್ಚೂಕಡಿಮೆ ಸಮತಟ್ಟು. ಕೆಲವು ಕಡೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಒಂದೆರಡು ಕಡೆ ಬಂಡೆಗಳ ಸಂದಿಯಲ್ಲಿ ತಲೆ ಬಗ್ಗಿಸಿ ನುಸುಳಬೇಕು. ಮಕ್ಕಳಿಗೆ ಅದೇ ಖುಷಿ. ಮಂಡಿನೋವಿನ ಅಜ್ಜಿಯರೂ ಕೋಲು ಹಿಡಿದು ಕೋದಂಡರಾಮನ ಗುಡಿಯವರೆಗೆ ಹೋಗಿ ಬರುತ್ತಾರೆ. ಗಾಲಿಕುರ್ಚಿಗೆ ಮಾತ್ರ ಈ ದಾರಿ ಆಗದು. ಅಂಥವರಿಗೆ ರಸ್ತೆ, ಬ್ಯಾಟರಿ ಗಾಡಿ ಇರಲೇಬೇಕು. ಅದನ್ನು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ.

ಈ ದಾರಿಯ ಮೇಲೆ ನನಗೆ ಯಾಕಿಷ್ಟು ಪ್ರೀತಿ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಸುಮ್ನೆ ಚೆಂದದ ನೋಟ ಅಂತ ಅಷ್ಟೇ ಆಗಿದ್ದರೆ ನಿಮಗೆ ಪತ್ರ ಬರೆಯುತ್ತಿರಲಿಲ್ಲ.

ಶಾಲೆಯಲ್ಲಿ ನಾವು ಓದಿದ ಹಂಪಿ ಅರಸರ ಹಂಪಿ. ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದರು, ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ, 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧವಾಗಿ ಎಲ್ಲ ಹಾಳಾಯಿತು. ಅದೆಲ್ಲ ನಿಜವೇ. ಆದರೆ ವಿಜಯನಗರ ಹುಟ್ಟಿದ 1336ಕ್ಕೆ ಮುಂಚೆಯೂ ಇಲ್ಲಿ ಜನ ಬರುತ್ತಿದ್ದರು. ಅವರು ಬಂದದ್ದು ಅರಮನೆ ನೋಡಲು ಅಲ್ಲ, ಕೂತು ತಪಸ್ಸು ಮಾಡಲು. ಹೇಮಕೂಟದಲ್ಲಿ ಶಿವನಿಗಾಗಿ ತಪಸ್ಸಿಗೆ ಕೂತ ಪಂಪೆ ಇಲ್ಲಿಯವಳು. ಅವಳ ಹೆಸರೇ ಈ ಹೊಳೆಗೂ ಊರಿಗೂ ಬಂದಿದೆ. ಹೊಯ್ಸಳರ ಕಡೆ ಲೆಕ್ಕ ಬರೆಯುವ ಕೆಲಸ ಬಿಟ್ಟು ವಿರೂಪಾಕ್ಷನೇ ಸಾಕು ಅಂತ ಬಂದವನೆಂದು ಹೇಳುವ ಕವಿ, ಹಂಪೆಯ ಹರಿಹರ, ಅವನೂ ವಿಜಯನಗರಕ್ಕಿಂತ ಹಿಂದಿನವನು. ಅರಮನೆ ಪ್ರದೇಶದಲ್ಲಿ ಇವರ್ಯಾರೂ ಸಿಗುವುದಿಲ್ಲ. ಇವರನ್ನು ಹುಡುಕಬೇಕಾದರೆ ಹೊಳೆದಂಡೆಗೆ ಬರಬೇಕು.

ದೊಡ್ಡ ಬಸವಣ್ಣನ ಹತ್ತಿರ ನಿಂತರೆ ಬಲಗಡೆ ಮೆಟ್ಟಿಲು ಹತ್ತಿ ಹೋಗುವುದು ಅಚ್ಯುತರಾಯ ದೇವಸ್ಥಾನಕ್ಕೆ. ಅದರ ಮೇಲೆ ನಿಂತಿರುವುದು ಮತಂಗ ಬೆಟ್ಟ. ಬೆಳಗಿನ ಸೂರ್ಯನನ್ನು ನೋಡಲು ತುಂಬ ಜನ ಅದನ್ನು ಹತ್ತುತ್ತಾರೆ. ಆದರೆ ಮತಂಗ ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ರಾಮಾಯಣದ ಮತಂಗ ಮುನಿಯ ಆಶ್ರಮ ಇದ್ದದ್ದು ಈ ಪಂಪಾತೀರದಲ್ಲೇ. ವಾಲಿ ದುಂದುಭಿ ಎಂಬ ರಕ್ಕಸನನ್ನು ಕೊಂದು ಹೆಣವನ್ನು ಎತ್ತಿ ಎಸೆದ. ಅದರ ರಕ್ತದ ಹನಿಗಳು ಆಶ್ರಮದ ಮೇಲೆ ಬಿದ್ದವು. ಮುನಿಗೆ ಸಿಟ್ಟು ಬಂತು. ಈ ಜಾಗಕ್ಕೆ ಕಾಲಿಟ್ಟರೆ ನಿನ್ನ ಜೀವ ಹೋಗುತ್ತದೆ ಅಂತ ಶಾಪ ಕೊಟ್ಟ. ಅದರಿಂದಲೇ ಅಣ್ಣನಿಗೆ ಹೆದರಿ ಓಡಿಬಂದ ಸುಗ್ರೀವನಿಗೆ ಇಲ್ಲಿ ನೆಲೆ ಸಿಕ್ಕಿತು. ಮತಂಗರ ಶಿಷ್ಯೆ ಶಬರಿ ರಾಮನಿಗಾಗಿ ಕಾದದ್ದೂ ಈ ಆಶ್ರಮದಲ್ಲೇ. ಅಂದರೆ ಇಲ್ಲಿ ಒಬ್ಬ ತಪಸ್ವಿ ಒಂದು ಗಡಿ ಹಾಕಿದ್ದ. ಬಲಶಾಲಿ ಆ ಗಡಿ ದಾಟುವಂತಿರಲಿಲ್ಲ, ಓಡಿಬಂದವನಿಗೆ ಜಾಗ ಇತ್ತು. ಈ ಜಾಗವನ್ನು ಕಾಯುವ ಅಧಿಕಾರ ಇವತ್ತು ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಕಥೆ ನೆನಪು ಮಾಡಿದೆ.

ಬಸವಣ್ಣನ ಎಡಕ್ಕೆ ಹೊಳೆಯ ಕಡೆ ಇಳಿದರೆ ಹಂಪಿಯ ಬಣ್ಣವೇ ಬದಲಾಗುತ್ತದೆ. ಬಜಾರಿನ ಬಯಲು ಮುಗಿದು ಎರಡೂ ಕಡೆ ಬಂಡೆಗಳು ಹತ್ತಿರ ಬರುತ್ತವೆ. ತುಂಗಭದ್ರೆ ಇಲ್ಲಿ ಅಗಲವಾಗಿ ಹರಡಿಕೊಳ್ಳುವ ಹೊಳೆಯಲ್ಲ. ಗ್ರಾನೈಟ್ ಗುಡ್ಡಗಳ ನಡುವೆ ಸಿಕ್ಕಿಕೊಂಡು, ಒಂದು ಬಂಡೆಯನ್ನು ಬಳಸಿ, ಇನ್ನೊಂದರ ಕೆಳಗೆ ನುಗ್ಗಿ, ಮಡು ಕಟ್ಟಿಕೊಂಡು ಹೋಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಇದು. ಯಾರೋ ತಂದು ರಾಶಿ ಹಾಕಿದ ಹಾಗೆ ಕಾಣುತ್ತದೆ, ವಾನರರು ಎಸೆದಾಡಿದ್ದು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಿಜಕ್ಕೂ ಈ ಬಂಡೆಗಳು ಎಲ್ಲಿಂದಲೂ ಉರುಳಿ ಬಂದವಲ್ಲ. ನೆಲದೊಳಗಿದ್ದ ಒಂದೇ ಹಾಸುಗಲ್ಲು ಬಿರುಕುಗಳ ಉದ್ದಕ್ಕೂ ನೀರು ಇಳಿದು, ಮೂಲೆಗಳು ಸವೆದು, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿ ದುಂಡಗಾಗಿದೆ. ಸುತ್ತಲಿನ ಮಣ್ಣು ಕೊಚ್ಚಿಹೋದ ಮೇಲೆ ಒಂದರ ಮೇಲೊಂದು ಕೂತ ಹಾಗೆ ಉಳಿದಿವೆ. ಕೆಲವು ಬಂಡೆಗಳ ಮೇಲೆ ಸಾಲಾಗಿ ಸಣ್ಣ ತೂತುಗಳಿವೆ, ನೋಡಿದ್ದೀರಾ? ಶಿಲ್ಪಿಗಳು ಬಂಡೆ ಸೀಳಲು ಬೆಣೆ ಇಳಿಸುತ್ತಿದ್ದ ಗುರುತು. ಕೆಲವು ಕಡೆ ತೂತು ಹೊಡೆದದ್ದು ಹಾಗೇ ಇದೆ, ಕಲ್ಲು ಸೀಳಿಲ್ಲ. ಕೆಲಸ ನಿಂತುಹೋದದ್ದು ಯಾಕೋ!

ಚಕ್ರತೀರ್ಥದ ಹತ್ತಿರ ಹೊಳೆ ಉತ್ತರಕ್ಕೆ ತಿರುಗುತ್ತದೆ. ನಮ್ಮ ಜನಕ್ಕೆ ಇದು ದೊಡ್ಡ ತೀರ್ಥ. ದಂಡೆಯ ಮೇಲೆ ಕೋದಂಡರಾಮ. ರಾಮ, ಸೀತೆ, ಲಕ್ಷ್ಮಣ ಮೂವರನ್ನೂ ಅಲ್ಲಿದ್ದ ಬಂಡೆಯಲ್ಲೇ ಕಡೆದಿದ್ದಾರೆ. ರಾಮ ಸುಗ್ರೀವನಿಗೆ ಪಟ್ಟ ಕಟ್ಟಿದ್ದು ಇಲ್ಲೇ ಅಂತ ನಂಬಿಕೆ. ಡಿಸೆಂಬರ್ ಹೊತ್ತಿಗೆ ಫಲಪೂಜೆ ನಡೆಯುತ್ತದಲ್ಲ, ವಿರೂಪಾಕ್ಷನಿಗೂ ಪಂಪಾಂಬಿಕೆಗೂ ನಿಶ್ಚಿತಾರ್ಥ, ಅದೂ ಇದೇ ಜಾಗದಲ್ಲಿ. ಶಿವನ ನಿಶ್ಚಿತಾರ್ಥ ರಾಮನ ಗುಡಿಯಲ್ಲಿ! ಶೈವರು ವೈಷ್ಣವರು ಅಂತ ಪುಸ್ತಕದಲ್ಲಿ ಎಷ್ಟು ಬರೆದರೂ ಈ ದಂಡೆಯ ಜನ ಅದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ನೋಡಿ. ದೇವರೇ ಮೆರವಣಿಗೆಯಲ್ಲಿ ಈ ಕಡೆ ಬರುತ್ತಾನೆ. ನಮ್ಮ ಪ್ರವಾಸಿಗರಿಗೆ ಮಾತ್ರ ಈ ದಾರಿಯ ಪರಿಚಯವೇ ಇಲ್ಲ.

ಕೋದಂಡರಾಮನ ಹಿಂದೆ ಸ್ವಲ್ಪ ಮೇಲೆ ಹತ್ತಿದರೆ ಯಂತ್ರೋದ್ಧಾರಕ ಆಂಜನೇಯ. ನನ್ನ ಮಟ್ಟಿಗೆ ಈ ದಾರಿ ಮುಟ್ಟಬೇಕಾದ ಜಾಗ ಇದು. ವ್ಯಾಸರಾಯರು ತಪಸ್ಸಿಗೆ ಕೂತ ಜಾಗ.

ವ್ಯಾಸರಾಯರು ದೊಡ್ಡ ವಿದ್ವಾಂಸರು, ಕೃಷ್ಣದೇವರಾಯನೇ ಕೈಮುಗಿದು ನಿಂತ ಗುರು, ಪುರಂದರದಾಸರಿಗೂ ಕನಕದಾಸರಿಗೂ ಗುರು. ರಾಜಧಾನಿಯಲ್ಲಿ ಅವರಿಗೆ ಇಲ್ಲದ ಮರ್ಯಾದೆ ಇರಲಿಲ್ಲ. ಆದರೂ ಧ್ಯಾನಕ್ಕೆ ಅವರು ಆರಿಸಿಕೊಂಡದ್ದು ಹೊಳೆಯ ಸದ್ದು ಕೇಳುವ ಈ ಬಂಡೆಯ ಮಗ್ಗುಲು. ದಿನಾ ಅಂಗಾರದಿಂದ ಬಂಡೆಯ ಮೇಲೆ ಹನುಮಂತನ ಚಿತ್ರ ಬರೆಯುತ್ತಿದ್ದರಂತೆ. ಬರೆದು ಮುಗಿಸಿದ ಕೂಡಲೇ ಆ ಹನುಮ ಜೀವ ತಳೆದು ನೆಗೆದು ಹೋಗುತ್ತಿದ್ದನಂತೆ. ಹನ್ನೆರಡು ದಿನ ಹೀಗೇ ಆಯಿತು. ಕೊನೆಗೆ ಚಿತ್ರದ ಸುತ್ತ ಯಂತ್ರ ಬರೆದು ಅವನನ್ನು ಅಲ್ಲಿ ನಿಲ್ಲಿಸಿದರು ಅನ್ನುವುದು ಕಥೆ. ಇವತ್ತಿಗೂ ನೋಡಬಹುದು. ಎರಡು ತ್ರಿಕೋನ ಸೇರಿದ ಷಟ್ಕೋನ, ಸುತ್ತ ಒಂದರ ಬಾಲ ಇನ್ನೊಂದು ಹಿಡಿದ ಹನ್ನೆರಡು ಕಪಿಗಳು, ನಡುವೆ ಹನುಮಂತ.

ಆ ಹನುಮನನ್ನು ಸ್ವಲ್ಪ ಗಮನಿಸಬೇಕು. ವ್ಯಾಸರಾಯರು ನಾಡಿನ ತುಂಬ 732 ಹನುಮಂತರನ್ನು ಸ್ಥಾಪಿಸಿದರು ಅಂತ ಪ್ರತೀತಿ. ಅವರ ಹೆಸರಿನಲ್ಲಿರುವ ಹನುಮಂತ ಸಾಮಾನ್ಯವಾಗಿ ಕೈ ಎತ್ತಿಕೊಂಡು, ಹೆಜ್ಜೆ ಮುಂದಿಟ್ಟು, ಬಾಲ ತಲೆಯ ಮೇಲೆ ಬಾಗಿಸಿಕೊಂಡು ನಿಂತಿರುತ್ತಾನೆ. ಹಂಪಿಯ ಈ ಹನುಮ ಹಾಗಿಲ್ಲ. ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತಿದ್ದಾನೆ. ಸಮುದ್ರ ಹಾರಿದವನು, ಲಂಕೆ ಸುಟ್ಟವನು, ತಾನು ಹುಟ್ಟಿದ ನಾಡಿನಲ್ಲಿ ಋಷಿಯಾಗಿ ಕೂತಿದ್ದಾನೆ. ಬ್ಯಾಟರಿ ಗಾಡಿಯಲ್ಲಿ ಬಂದುಹೋಗುವವರಿಗೆ ಈ ಹನುಮ ಸಿಗುವುದೇ ಇಲ್ಲ.

ಅಲ್ಲಿಂದ ಮುಂದೆ ದಾರಿ ಹೊಳೆಯನ್ನು ಬಿಟ್ಟೂ ಬಿಡದ ಹಾಗೆ ಹೋಗುತ್ತದೆ. ನೀರಿನ ಅಂಚಿನ ಬಂಡೆಯ ಮೇಲೆ ಸಾಲುಸಾಲಾಗಿ ಕಡೆದ ಕೋಟಿಲಿಂಗ. ಅದನ್ನು ನೋಡಬೇಕಾದರೆ ಹರಿಗೋಲು ಹತ್ತಬೇಕು. ದಕ್ಷಿಣದಿಂದ ಬರುವ ಅಚ್ಯುತಪೇಟೆಯ ಹಾಳು ಬೀದಿ ಹೊಳೆಯ ಕಡೆ ಬಂದು ಸೇರುತ್ತದೆ. 1534ರಲ್ಲಿ ಕಟ್ಟಿದ ತಿರುವೆಂಗಳನಾಥನ ಗುಡಿಯ, ಅಂದರೆ ಆಗಲೇ ಹೇಳಿದ ಅಚ್ಯುತರಾಯ ದೇವಸ್ಥಾನದ, ಮುಂದಿನ ಬೀದಿ ಅದು. ಮುಂದೆ ಸುಗ್ರೀವನ ಗುಹೆ. ಸೀತೆ ಎಸೆದ ಒಡವೆ ಗಂಟನ್ನು ವಾನರರು ಇಲ್ಲಿ ಇಟ್ಟುಕೊಂಡಿದ್ದರು ಎನ್ನುತ್ತಾರೆ. ಬಂಡೆಯ ಮೇಲಿನ ಬಿಳಿ ಪಟ್ಟೆಯನ್ನು ತೋರಿಸಿ ಸೀತೆಯ ಸೆರಗು ಎಳೆದ ಗುರುತು ಅನ್ನುತ್ತಾರೆ. ಹೊಳೆಯ ನಡುವೆ ಸಾಲಾಗಿ ನಿಂತ ಕಲ್ಲುಕಂಬಗಳು, ಆನೆಗೊಂದಿ ಕಡೆಗೆ ದಾಟಲು ಇದ್ದ ಹಳೆಯ ಸೇತುವೆಯ ಅವಶೇಷ.

ಅದರ ಹತ್ತಿರವೇ ಪುರಂದರ ಮಂಟಪ. ತಗ್ಗಾದ ಚಾವಣಿ, ಗೋಡೆಯಿಲ್ಲ, ಬಾಗಿಲಿಲ್ಲ, ನೀರು ಮುಟ್ಟುವ ಜಾಗದಲ್ಲಿ ನಿಂತ ಬರೀ ಕಂಬಗಳ ಮಂಟಪ. ನವಕೋಟಿ ನಾರಾಯಣ ಅನ್ನಿಸಿಕೊಂಡ ಶ್ರೀನಿವಾಸ ನಾಯಕ ಇದ್ದದ್ದನ್ನೆಲ್ಲ ಬಿಟ್ಟು, ತಂಬೂರಿ ಹಿಡಿದು ಹಂಪಿಗೆ ಬಂದು ಪುರಂದರದಾಸನಾದ. ಇಲ್ಲೇ ಕೂತು ಹಾಡುತ್ತಿದ್ದರು ಎಂದು ದಾಸಪರಂಪರೆ ನೆನೆಯುತ್ತದೆ. ಅವರು ತೀರಿಕೊಂಡದ್ದು 1564ರ ಪುಷ್ಯ ಅಮಾವಾಸ್ಯೆ ಅನ್ನುತ್ತಾರೆ. ಮರುವರ್ಷವೇ ಊರು ಹಾಳಾಯಿತು. ಅದನ್ನು ಅವರು ನೋಡಲಿಲ್ಲ ಅನ್ನುವುದೇ ನನಗೆ ಒಂದು ಸಮಾಧಾನ.

ಪುರಂದರ ಮಂಟಪದಿಂದ ವಿಠ್ಠಲನ ಕಡೆ ಹೊರಟರೆ ಸ್ವಲ್ಪದರಲ್ಲೇ ರಾಜರ ತುಲಾಭಾರದ ಕಲ್ಲಿನ ಕಮಾನು ಸಿಗುತ್ತದೆ. ಅರಸರು ತಮ್ಮನ್ನು ಚಿನ್ನದಲ್ಲಿ ತೂಗಿಸಿಕೊಂಡು ದಾನ ಮಾಡುತ್ತಿದ್ದ ಜಾಗ. ಎಲ್ಲವನ್ನೂ ಬಿಟ್ಟುಬಂದವನ ಮಂಟಪ ಒಂದು, ಚಿನ್ನ ತೂಗಿದ ಕಮಾನು ಇನ್ನೊಂದು, ಎರಡೂ ಒಂದೇ ದಾರಿಯಲ್ಲಿ. ಇದನ್ನು ನೋಡಿಕೊಂಡು ಬಂದು ಕಲ್ಲಿನ ರಥದ ಮುಂದೆ ನಿಲ್ಲುವ ಹುಡುಗನಿಗೂ, ಪಾರ್ಕಿಂಗಿನಿಂದ ನೇರವಾಗಿ ಬಂದು ನಿಲ್ಲುವ ಹುಡುಗನಿಗೂ ಹಂಪಿ ಒಂದೇ ತರಹ ಕಾಣುವುದಿಲ್ಲ. ಮೇಷ್ಟ್ರುಗಳೇ, ಇದಕ್ಕೇ ನಿಮ್ಮ ಹೆಸರನ್ನೂ ಪತ್ರದ ತಲೆಯಲ್ಲಿ ಸೇರಿಸಿದ್ದೇನೆ.

ಮಾಡುವುದು ಹೇಗೆ ಅಂತ ಕೇಳಬಹುದು. ಬಹಳ ಸುಲಭ. ಬಸ್ಸು ಮಕ್ಕಳನ್ನು ವಿರೂಪಾಕ್ಷನ ಹತ್ತಿರ ಇಳಿಸಲಿ. ದರ್ಶನ ಆದಮೇಲೆ ಮಕ್ಕಳು ಬಜಾರು ದಾಟಿ ಹೊಳೆದಾರಿ ಹಿಡಿಯಲಿ. ಅಷ್ಟರಲ್ಲಿ ಖಾಲಿ ಬಸ್ಸು ಕಮಲಾಪುರ ಸುತ್ತಿಕೊಂಡು ವಿಠ್ಠಲದ ಪಾರ್ಕಿಂಗಿಗೆ ಹೋಗಿ ಕಾಯಲಿ. ಮಕ್ಕಳು ವಿಠ್ಠಲ ದೇವಸ್ಥಾನ ನೋಡಿ ಬ್ಯಾಟರಿ ಗಾಡಿಯಲ್ಲೋ ನಡೆದೋ ಬಸ್ಸಿಗೆ ಬರಲಿ. ಯಾರೂ ಬಂದ ದಾರಿಯಲ್ಲಿ ವಾಪಸ್ ನಡೆಯಬೇಕಿಲ್ಲ. ಒಂದು ರೂಪಾಯಿಯೂ ಜಾಸ್ತಿ ಖರ್ಚಿಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ ಹೊರಟರೆ ಸಾಕು. ನವೆಂಬರಿನಿಂದ ಫೆಬ್ರವರಿ ಈ ದಾರಿಗೆ ಒಳ್ಳೆಯ ಕಾಲ, ನಿಮ್ಮ ಪ್ರವಾಸವೂ ಆಗಲೇ ಅಲ್ವಾ? ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಬೇಡ, ಕಾದ ಬಂಡೆಗಳ ನಡುವೆ ಮಕ್ಕಳನ್ನು ನಡೆಸುವುದು ತಪ್ಪು.

ಪ್ರಾಧಿಕಾರದಿಂದ ಬೇಕಾದದ್ದೂ ದೊಡ್ಡದಲ್ಲ. ಬಸವಣ್ಣನ ಹತ್ತಿರ ಒಂದು ಕಲ್ಲಿನ ಫಲಕ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ವಿಠ್ಠಲ ದೇವಸ್ಥಾನಕ್ಕೆ ನಡೆಯುವ ದಾರಿ. ದಾರಿಯ ಒಂದು ಸರಳ ನಕ್ಷೆ. ಕವಲೊಡೆಯುವ ಕಡೆ ಸಣ್ಣ ಗುರುತು. ಎರಡು ತುದಿಯಲ್ಲೂ ಕುಡಿಯುವ ನೀರು, ಚೊಕ್ಕಟವಾದ ಶೌಚಾಲಯ. ನಡುವೆ ಅಂಗಡಿ ಬೇಡ, ಸೆಲ್ಫಿ ಪಾಯಿಂಟ್ ಬೇಡ, ಕಬ್ಬಿಣದ ಕಟಕಟೆ ಬೇಡ. ಯಂತ್ರೋದ್ಧಾರಕನಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಜಪಕ್ಕೆ ಕೂರುವವರು ಇದ್ದಾರೆ. ಆ ಜಾಗದಲ್ಲಿ ಮೈಕು, ಸ್ಪೀಕರು ಯಾರೂ ಹಚ್ಚದ ಹಾಗೆ ನೋಡಿಕೊಳ್ಳಿ. ಭಕ್ತಿಯ ಹಾಡೇ ಇರಲಿ, ಬೇಡ.

ಹೊಳೆಯ ವಿಷಯದಲ್ಲಿ ಮಾತ್ರ ಮುಲಾಜಿಲ್ಲದೆ ನಡೆದುಕೊಳ್ಳಬೇಕು. ಮೇಲುಗಡೆ ತುಂಗಭದ್ರಾ ಅಣೆಕಟ್ಟು ಇದೆ. ಅದು 1953ರಿಂದ ಈ ಹೊಳೆಯ ನೀರನ್ನು ಹಿಡಿದು ಬಿಡುತ್ತಿದೆ. ಮಳೆಗಾಲದಲ್ಲಿ ಗೇಟು ಎತ್ತಿದರೆ ಪುರಂದರ ಮಂಟಪ ಮುಳುಗುತ್ತದೆ, ಚಕ್ರತೀರ್ಥದ ದಂಡೆಗೆ ನೀರು ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟೇ ಚೈನು ತುಂಡಾಗಿ ಕೊಚ್ಚಿಹೋಯಿತು. ನದಿಪಾತ್ರದ ಊರುಗಳಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಇರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಿದ್ದಾರೆ ಅಂತ ದಾರಿಯ ಎರಡು ತುದಿಯಲ್ಲೂ ಬರೆದು ಹಾಕಿ. ನೀರು ಒಂದು ಮಟ್ಟ ಮೀರಿದರೆ ಕೆಳಗಿನ ದಾರಿಗೆ ಸರಪಳಿ ಹಾಕಿ ಮುಚ್ಚಿ. ಮಡುಗಳಲ್ಲಿ ಈಜಲು ಇಳಿಯುವುದನ್ನು ಪೂರ್ತಿ ನಿಲ್ಲಿಸಿ. ಮೇಲಿಂದ ಶಾಂತವಾಗಿ ಕಾಣುವ ನೀರು ಬಂಡೆಯ ಸಂದಿಯಲ್ಲಿ ಎಳೆದುಕೊಂಡು ಹೋಗುತ್ತದೆ, ಹರಿಗೋಲಿನವರನ್ನು ಕೇಳಿದರೆ ಎಲ್ಲಿ ಸೆಳವು ಇದೆ ಅಂತ ಕೈ ತೋರಿಸಿ ಹೇಳುತ್ತಾರೆ.

ಕಾವಲೂ ಬೇಕು. 2025ರ ಮಾರ್ಚಿನಲ್ಲಿ ಹೊಳೆಯಾಚೆಯ ಸಣಾಪುರದ ಕಾಲುವೆ ಹತ್ತಿರ ಪ್ರವಾಸಿಗರ ಮೇಲೆ ನಡೆದ ಕ್ರೂರ ದಾಳಿಯ ಮೇಲೆ ಈ ಕಡೆಯ ಹೆಣ್ಣುಮಕ್ಕಳೂ, ಬರುವ ಹೆಣ್ಣುಮಕ್ಕಳೂ ಹೆದರಿದ್ದಾರೆ. ಹೆದರಿದ್ದು ಸಹಜ. ಬೆಳಗಿನಿಂದ ಸಂಜೆಯವರೆಗೆ ದಾರಿಯಲ್ಲಿ ಓಡಾಡುವ ಕಾವಲಿನವರು ಇರಲಿ, ಅವರಲ್ಲಿ ಹೆಂಗಸರೂ ಇರಲಿ. ಕತ್ತಲಾಗುವ ಮುಂಚೆ ದಾರಿ ಖಾಲಿ ಮಾಡಿಸಿ.

ಆ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ನನಗೆ ಸ್ವಲ್ಪ ಹಟವಿದೆ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಸ್ಮಾರಕಗಳನ್ನು ಉಳಿಸಬೇಕು ನಿಜ, ಮಂಟಪಗಳಿಗೆ ಗೋಡೆ ಕಟ್ಟಿಕೊಂಡಿದ್ದು ಸರಿಯಲ್ಲ. ಆದರೆ ಆ ಜನ ಹಂಪಿಗೆ ಬೇಡವಾದವರಲ್ಲ. ಅವರ ಮಕ್ಕಳಿಗೆ ಈಗ ದುಡಿಯುವ ವಯಸ್ಸು. ಯಾವ ಬಂಡೆಗೆ ಯಾವ ಕಥೆ, ಯಾವ ತಿಂಗಳು ಎಲ್ಲಿ ನೀರು, ಅವರಿಗೆ ಹುಟ್ಟಿನಿಂದ ಗೊತ್ತು. ಅವರಿಗೆ ತರಬೇತಿ ಕೊಟ್ಟು ಈ ದಾರಿಯ ಮಾರ್ಗದರ್ಶಕರನ್ನಾಗಿ, ಕಾವಲಿನವರನ್ನಾಗಿ ಮಾಡಿ. ಹರಿಗೋಲಿನವರನ್ನೂ ಬಿಡಬೇಡಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಜನ ಬುಟ್ಟಿಯಂಥ ದುಂಡನೆಯ ದೋಣಿಯಲ್ಲಿ ಹೊಳೆ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ಚರ್ಮ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. 500 ವರ್ಷದಿಂದ ನಿಲ್ಲದ ಕಸುಬು ಇದು. ರಥದ ಕಲ್ಲಿಗೆ ಕೊಡುವಷ್ಟೇ ಬೆಲೆ ಇದಕ್ಕೂ ಕೊಡಬೇಕು. ಅವರಿಗೆ ಪರವಾನಗಿ, ಲೈಫ್ ಜಾಕೆಟ್, ನ್ಯಾಯವಾದ ದರ ಗೊತ್ತುಮಾಡಿ.

ಈ ನೀರಿನಲ್ಲಿ ನಾವಷ್ಟೇ ಇಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹಂಪಿಯ ಈ ದಂಡೆ ಅದರೊಳಗೇ ಇದೆ. ಬೆಳಗ್ಗೆ ಬೇಗ ಬಂದು ಗಲಾಟೆ ಮಾಡದೆ ಕೂತರೆ, ನೀರಿನಲ್ಲಿ ತಲೆ ಎತ್ತಿ ಮುಳುಗುವ ಒಂದು ಕುಟುಂಬವನ್ನೇ ನೋಡುವ ಅದೃಷ್ಟ ಸಿಗಬಹುದು. ಗುಡ್ಡದ ಕುರುಚಲಿನಲ್ಲಿ ಹಳದಿ ಗಂಟಲಿನ ಪಿಕಳಾರ ಇದೆ, ಅದನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಅದಕ್ಕೇ ದೀಪದ ಕಂಬ ಬೇಡ ಅಂದದ್ದು. ಪ್ಲಾಸ್ಟಿಕ್ ಬಾಟಲಿಗಳನ್ನು ದಾರಿಯ ಬಾಯಲ್ಲೇ ಎಣಿಸಿ, ಠೇವಣಿ ಇಟ್ಟುಕೊಂಡು ಒಳಗೆ ಬಿಡಿ. ವಿಠ್ಠಲದ ತುದಿಯಲ್ಲಿ ಬಾಟಲಿ ತೋರಿಸಿದವರಿಗೆ ದುಡ್ಡು ವಾಪಸ್.

ನಾನು ಹೀಗೆ ಮಾತಾಡಿದಾಗ ಒಬ್ಬ ಸ್ನೇಹಿತ ಹೇಳಿದ, ಸುಮ್ನಿರು ಮಾರಾಯ, ಈಗ ಅಲ್ಲಿಗೆ ಜನ ಬರುವುದಿಲ್ಲ, ಅದಕ್ಕೇ ಚೆನ್ನಾಗಿದೆ, ಫಲಕ ಹಾಕಿದರೆ ಮುಗೀತು ಅಂತ. ಅವನ ಮಾತಿನಲ್ಲಿ ಸತ್ಯ ಇಲ್ಲ ಅನ್ನಲಾರೆ. 2019ರ ಫೆಬ್ರವರಿಯಲ್ಲಿ ಇದೇ ಹಂಪಿಯಲ್ಲಿ ಕೆಲವು ಹುಡುಗರು ಕಲ್ಲುಕಂಬವನ್ನು ತಳ್ಳಿ ಬೀಳಿಸಿದ್ದನ್ನು ಮೊಬೈಲಿನಲ್ಲಿ ಇಡೀ ದೇಶ ನೋಡಿತು. ನ್ಯಾಯಾಲಯ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಅದೇ ವರ್ಷ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿ ಆಸೆಗೆ ಕಿಡಿಗೇಡಿಗಳು ಕಿತ್ತು ಹಾಕಿದರು. 1539ರಲ್ಲಿ ಕಣ್ಮುಚ್ಚಿದ ಒಬ್ಬ ಸನ್ಯಾಸಿಯ ಸಮಾಧಿಯಲ್ಲಿ ಚಿನ್ನ ಹುಡುಕಿದವರು! ಭಕ್ತರು ಊರೂರಿನಿಂದ ಓಡಿಬಂದು, ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಆದರೆ ಸ್ನೇಹಿತನಿಗೆ ನಾನು ಹೇಳುವುದು ಇದು. ಬೃಂದಾವನ ಕಿತ್ತದ್ದು ಜನ ಜಾಸ್ತಿ ಬಂದದ್ದರಿಂದ ಅಲ್ಲ, ಯಾರೂ ಇಲ್ಲದ ರಾತ್ರಿಯಲ್ಲಿ. ಅದನ್ನು ಮತ್ತೆ ಕಟ್ಟಿದವರು ಆ ಜಾಗ ಗೊತ್ತಿದ್ದ ಜನ. ಗೊತ್ತಿಲ್ಲದ ಜಾಗಕ್ಕಾಗಿ ಯಾರು ಓಡಿಬರುತ್ತಾರೆ? ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು, ಕಾರಣ ಈ ಹೊಳೆಗೆ ಅಡ್ಡವಾಗಿ ಕಟ್ಟಲು ಹೊರಟ ಸೇತುವೆಗಳು. ನಿಮ್ಮ ಪ್ರಾಧಿಕಾರಕ್ಕಾಗಿ 2002ರಲ್ಲಿ ಕಾಯ್ದೆ ಆದದ್ದೂ ಆ ಗದ್ದಲದ ನಂತರವೇ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದು ಕೂಲಿಕಾರ್ಮಿಕರ ಪ್ರಾಣ ಹೋಯಿತು. ಹೊಳೆಯ ಮೇಲೆ ಗಾಡಿ ಓಡಿಸುವ ಆತುರಕ್ಕೆ ನಾವು ಇಷ್ಟೆಲ್ಲ ಕಳೆದುಕೊಂಡಿದ್ದೇವೆ. ಈ ಹೊಳೆಯ ಜೊತೆ ನಡೆಯುವುದಕ್ಕೆ ಒಂದು ಕೋಟಿ ರೂಪಾಯಿಯ ಯೋಜನೆಯೂ ಬೇಕಿಲ್ಲ. ಇರುವ ದಾರಿಯನ್ನು ಇರುವ ಹಾಗೇ ಕಾಯ್ದರೆ ಆಯಿತು.

ಇನ್ನೂ ಒಂದು ಮಾತು ಸೇರಿಸುತ್ತೇನೆ. ವಿಠ್ಠಲದಿಂದ ಮುಂದೆ ತಳವಾರಘಟ್ಟಕ್ಕೆ ಹೋಗಿ ಹೊಳೆ ದಾಟಿದರೆ ಆನೆಗೊಂದಿ, ಅಲ್ಲಿಂದ ದೋಣಿಯಲ್ಲಿ ನಡುಗಡ್ಡೆಯ ನವಬೃಂದಾವನ. ವ್ಯಾಸರಾಯರು ತಪಸ್ಸಿಗೆ ಕೂತ ಬಂಡೆಯಿಂದ ಅವರು ಮಲಗಿದ ನಡುಗಡ್ಡೆಯವರೆಗೆ, ಇಡೀ ದಾರಿಯನ್ನು ಒಂದೇ ನಡಿಗೆಯಾಗಿ ನೋಡುವ ಕಾಲವೂ ಬರಲಿ. ಕಾಲುಗಟ್ಟಿ ಇರುವವರು ಒಂದು ದಿನದಲ್ಲಿ ಮುಗಿಸಬಹುದು. ಅದು ಆಮೇಲಿನ ಮಾತು. ಎರಡು ಜಿಲ್ಲೆ ಸೇರಿ ಕೆಲಸ ಮಾಡಬೇಕು, ವಿಜಯನಗರ ಈ ಕಡೆ, ಕೊಪ್ಪಳ ಆ ಕಡೆ. ಮೊದಲು ಈ 2 ಕಿಲೋಮೀಟರ್ ಆಗಲಿ.

ಆದಷ್ಟು ಬೇಗ ಶುರು ಮಾಡಿ. ಬರುವ ಫಲಪೂಜೆಯ ಒಳಗೆ ಬಸವಣ್ಣನ ಹತ್ತಿರ ಆ ಫಲಕ ನಿಲ್ಲಿಸಿ, ನೀರಿನ ಮಟ್ಟ ಬರೆಯುವ ಹಲಗೆ ಹಾಕಿ. ಪುಷ್ಯ ಅಮಾವಾಸ್ಯೆಯ ಪುರಂದರ ಆರಾಧನೆಯ ದಿನ ಹೊಸಪೇಟೆ, ಕಮಲಾಪುರ, ಗಂಗಾವತಿಯ ಸರ್ಕಾರಿ ಶಾಲೆಗಳ ಮಕ್ಕಳನ್ನು ಈ ದಾರಿಯಲ್ಲಿ ನಡೆಸಿ. ನೀವು ಕರೆದರೆ ದಾರಿ ತೋರಿಸಲು, ಕಸ ಹೆಕ್ಕಲು, ಮಕ್ಕಳ ಹಿಂದೆ ಹಿಂದೆ ನಡೆಯಲು ನಾನೂ ಬರುತ್ತೇನೆ, ನನ್ನಂಥ ಇನ್ನಷ್ಟು ಜನರನ್ನು ಕರೆತರುತ್ತೇನೆ. ಏನು ತೀರ್ಮಾನ ಮಾಡಿದಿರಿ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ತಿಳಿಸಿ ಅನ್ನುವುದೇ ನನ್ನ ಕೋರಿಕೆ.

ಇಂತಿ ವಿಶ್ವಾಸಿ,
ಹೊಳೆದಾರಿಯಲ್ಲಿ ನಡೆಯುವ ಒಬ್ಬ ಹೊಸಪೇಟೆಯವನು